ಬೆಕ್ಕಿನ ಮೇಲೆ ಹೊರಿಸಿದ ತಪ್ಪು

ಕಳೆದ ವರ್ಷದ ಆಷಾಢದಲ್ಲಿ ದುಂಡಸಿಯ ರೈತಮಿತ್ರರೊಬ್ಬರ ಹಿತ್ತಲಿನಿಂದ ಒಂದು ಹೆಣ್ಣುಬೆಕ್ಕು ಶಿಗ್ಗಾವಿಯ ನಮ್ಮ ಮನೆಗೆ ಬಂದಿತು. ಬಂದಿತು ಎನ್ನುವದಕ್ಕಿಂತ ತರಲ್ಪಟ್ಟಿತು ಎನ್ನುವದು ಸತ್ಯಕ್ಕೆ ಹೆಚ್ಚು ಸಮೀಪವಾದೀತು. ಏಕೆಂದರೆ ಅದರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ರಟ್ಟಿನ ಪೆಟ್ಟಿಗೆಯೊಂದಕ್ಕೆ ತೂತು ಕೊರೆದು, ಹಗ್ಗದಿಂದ ಬಿಗಿದು, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದೆವು. ದಾರಿಯುದ್ದಕ್ಕೂ ಅದು ಕೂಗಿತು. ಹೊರಡುವಾಗ ಆ ಮಿತ್ರರು ನಮಗೆ ಹೇಳಿದ್ದು ಒಂದೇ ಮಾತು: "ಇದಕ್ಕೇನೂ ಕಲಿಸೂದು ಬ್ಯಾಡ್ರಿ ಸರ, ಮಣ್ಣು ತೋರಿಸಿದ್ರ ಸಾಕು." ಭೌತಶಾಸ್ತ್ರದ ಅಧ್ಯಾಪಕರಾದ ನಮಗೆ ಈ ಮಾತಿನಲ್ಲಿರುವ ಅರ್ಥವು ಹೊಳೆಯಲಿಕ್ಕೆ ಮೂರು ವಾರಗಳೂ ಒಂದು ಹತ್ತಿಯ ಗಾದಿಯೂ ಬೇಕಾದವು.

ನಾವಿರುವದು ಮೊದಲನೆಯ ಮಹಡಿಯ ಬಾಡಿಗೆ ಮನೆ. ನೆಲಕ್ಕೆಲ್ಲ ನುಣುಪಾದ ಟೈಲ್ಸು. ಹಿತ್ತಲಿಲ್ಲ, ಒಂದು ಹಿಡಿ ಮಣ್ಣೂ ಇಲ್ಲ. ಇಂಥ ಮನೆಯಲ್ಲಿ ಬೆಕ್ಕನ್ನು ಸಾಕುವವರು ಅದರ ಮಲಮೂತ್ರಕ್ಕಾಗಿ ಒಂದು ಅಗಲವಾದ ತೊಟ್ಟಿಯಲ್ಲಿ ಮರಳನ್ನೋ ಬೇರೆ ಯಾವುದಾದರೂ ಪುಡಿಯನ್ನೋ ತುಂಬಿ ಇಡುತ್ತಾರೆ. ಅಂಗಡಿಯವರು ಇದಕ್ಕೆ ಲಿಟರ್ ಬಾಕ್ಸ್ ಎನ್ನುವರು. ನಾವು ಮರಳಿನ ಪೆಟ್ಟಿಗೆಯೆನ್ನೋಣ. ನಾವೂ ಹುಬ್ಬಳ್ಳಿಯಿಂದ ಅಂಥದೊಂದನ್ನು ತರಿಸಿ, ಸುವಾಸನೆ ಬೆರೆಸಿದ ಹರಳುಗಳನ್ನು ಸುರಿದು, ಯಾರ ಕಾಲಿಗೂ ಎಡತಾಕದಿರಲೆಂದು ಬಚ್ಚಲಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರದ ಮಗ್ಗುಲಿಗೆ ಇಟ್ಟೆವು. ನಮ್ಮ ಕರ್ತವ್ಯವು ಮುಗಿಯಿತೆಂದು ತಿಳಿದೆವು.

ಎರಡು ದಿನ ಬೆಕ್ಕು ಮಂಚದ ಕೆಳಗಿನಿಂದ ಹೊರಗೆ ಬರಲಿಲ್ಲ. ರಾತ್ರಿ ಮಾತ್ರ ಪೆಟ್ಟಿಗೆಗೆ ಹೋಗಿ ಬರುತ್ತಿತ್ತು. ಮೂರನೆಯ ದಿನ ಬೆಳಿಗ್ಗೆ ಅದು ಹರಳುಗಳ ಮೇಲೆ ಕುಳಿತಿದ್ದಾಗಲೇ ಪಕ್ಕದ ಯಂತ್ರವು ಬಟ್ಟೆಯನ್ನು ಹಿಂಡತೊಡಗಿತು. ನಿಮಿಷಕ್ಕೆ 700 ಸುತ್ತು ಎಂದರೆ ಸೆಕೆಂಡಿಗೆ ಸುಮಾರು 12 ಕಂಪನಗಳು. ಇದು ಕಿವಿಗೆ ಕೇಳುವ ಸದ್ದಿಗಿಂತ ಮೊದಲು ಅಂಗಾಲಿಗೆ ತಟ್ಟುವ ನಡುಕ. ಬೆಕ್ಕು ನೆಗೆದು ಓಡಿತು. ಅಂದಿನಿಂದ ಆ ಬಚ್ಚಲಮನೆಯ ಹೊಸ್ತಿಲನ್ನು ಅದು ತುಳಿಯಲಿಲ್ಲ. ಅಂದು ಸಂಜೆ ನಮ್ಮ ಹೊಸ ಗಾದಿಯು ಒದ್ದೆಯಾಗಿತ್ತು, ಮರುದಿನವೂ ಒದ್ದೆಯಾಗಿತ್ತು.

ಇಂಥ ಸಂದರ್ಭದಲ್ಲಿ ನೆರೆಹೊರೆಯವರ ತೀರ್ಪು ತಡವಾಗುವದಿಲ್ಲ. ಬೆಕ್ಕಿಗೆ ಸೊಕ್ಕು ಬಂದಿದೆಯೆಂದು ಒಬ್ಬರು, ಊರು ಬಿಡಿಸಿದ್ದಕ್ಕೆ ಸೇಡು ತೀರಿಸಿಕೊಳ್ಳುತ್ತಿದೆಯೆಂದು ಇನ್ನೊಬ್ಬರು. ಅದರ ಮೂತಿಯನ್ನು ಹಸಿಯಲ್ಲಿ ತಿಕ್ಕಬೇಕೆಂದು ಮತ್ತೊಬ್ಬರು. ಕೆಳಗಿನ ಮನೆಯ ಅಜ್ಜಿಯವರದು ಕೊನೆಯ ಉಪಾಯ: "ಚೀಲದಾಗ ಹಾಕಿ ಊರಾಚೆ ಬಿಟ್ಟು ಬರ್ರಿ."

ಈ ಕೊನೆಯ ಉಪಾಯವನ್ನು ನಾವು ಬಲ್ಲೆವು. ಹದಿನೈದು ವರ್ಷಗಳಿಗೆ ಹಿಂದೆ, ನಾವು ಬಿ.ಎಸ್‌ಸಿ. ಓದುತ್ತಿದ್ದಾಗ, ನಮ್ಮ ತಂದೆಯವರ ಮನೆಯಲ್ಲಿ ಒಂದು ಗಂಡುಬೆಕ್ಕಿತ್ತು. ಅದು ಒಮ್ಮೆಲೆ ಒಲೆಯ ಮಗ್ಗುಲಿಗೆ, ಜೋಳದ ಚೀಲದ ಮೇಲೆ, ದೇವರ ಕೋಣೆಯ ಮೂಲೆಯಲ್ಲಿ ಮತ್ತೆ ಮತ್ತೆ ಕೂಡತೊಡಗಿತು, ಕೂತಲ್ಲಿ ಕೂಗುತ್ತಿತ್ತು, ಎದ್ದ ಮೇಲೆ ನೋಡಿದರೆ ನಾಲ್ಕು ಹನಿಗಿಂತ ಹೆಚ್ಚಿಲ್ಲ. ದೇವರ ಕೋಣೆಯನ್ನು ಕೆಡಿಸಿತೆಂಬ ಸಿಟ್ಟಿನಿಂದ ಹಿರಿಯರು ಅದನ್ನು ಗೋಣಿಚೀಲದಲ್ಲಿ ಕಟ್ಟಿದರು. ಹಳ್ಳದಾಚೆ ಬಿಟ್ಟು ಬರಲು ಸೈಕಲ್ಲನ್ನು ತುಳಿದವರು ನಾವೇ. ಆ ಬೆಕ್ಕು ತಿರುಗಿ ಬರಲಿಲ್ಲ. ಗಂಡುಬೆಕ್ಕಿನ ಮೂತ್ರನಾಳವು ಬಹಳ ಕಿರಿದಾದದ್ದು. ಹರಳು ಅಥವಾ ಲೋಳೆಯಿಂದ ಅದು ಕಟ್ಟಿಕೊಂಡರೆ ಒಂದೆರಡು ದಿನಗಳಲ್ಲಿ ಪ್ರಾಣವೇ ಹೋಗುವದು. ಪದೇ ಪದೇ ಕೂಡುವದು, ನರಳುವದು, ಹನಿಹನಿಯಾಗಿ ಬರುವದು ಇವೇ ಅದರ ಲಕ್ಷಣಗಳು. ಇದನ್ನು ನಾವು ಓದಿ ತಿಳಿದದ್ದು ಬಹಳ ವರ್ಷಗಳ ಮೇಲೆ. ನಾವು ಅಂದು ಹಳ್ಳ ದಾಟಿಸಿದ್ದು ಒಂದು ರೋಗಿಯನ್ನು ಎಂದು ಈಗ ನಮಗೆ ಅನ್ನಿಸುತ್ತದೆ. ಆದುದರಿಂದ ಈ ಸಾರೆ ಚೀಲವನ್ನು ಹುಡುಕುವದಕ್ಕೆ ಮೊದಲು ಪುಸ್ತಕಗಳನ್ನು ಹುಡುಕಿದೆವು.

ತರುಣ ವಾಚಕರೆಲ್ಲರೂ ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಕೇಳಿರುವರು. ರಾಜನು ಕೊಟ್ಟ ಹಸುವಿನ ಹಾಲನ್ನು ಬೆಕ್ಕಿಗೆ ಎರೆಯುವ ಬದಲು ತಾನೇ ಕುಡಿಯಬೇಕೆಂದು ಆ ಜಾಣನು ಮೊದಲನೆಯ ದಿನ ಕುದಿಯುವ ಹಾಲನ್ನು ಇಟ್ಟನು. ಬಾಯಿ ಸುಟ್ಟುಕೊಂಡ ಬೆಕ್ಕು ಆ ಮೇಲೆ ಹಾಲಿನ ಬಟ್ಟಲನ್ನು ಕಂಡರೆ ಓಡತೊಡಗಿತು. ಕಥೆಯನ್ನು ಕೇಳಿ ನಕ್ಕವರಲ್ಲಿ ನಾವೂ ಒಬ್ಬರು. ಆದರೆ ಇದರಲ್ಲಿ ಪ್ರಾಣಿಶಾಸ್ತ್ರವೂ ಇದೆ. ಬೆಕ್ಕು ಒಂದೇ ಕಹಿ ಅನುಭವವನ್ನು ಆ ಸ್ಥಳಕ್ಕೂ ಆ ವಸ್ತುವಿಗೂ ಗಂಟುಹಾಕುವದು. ಮರಳಿನ ಪೆಟ್ಟಿಗೆಯಲ್ಲಿದ್ದಾಗ ಅದು ಬೆಚ್ಚಿದರೆ, ಅಥವಾ ಅಲ್ಲಿಯೇ ಅದನ್ನು ಹಿಡಿದು ಔಷಧ ಕುಡಿಸಿದರೆ, ಅಥವಾ ಮೂತ್ರಕೋಶದ ಉರಿಯಿಂದ ಅಲ್ಲಿ ನೋವಾದರೆ, ತಪ್ಪು ಪೆಟ್ಟಿಗೆಯದೆಂದೇ ಅದು ಎಣಿಸುತ್ತದೆ. ನಮ್ಮ ಯಂತ್ರವು ಆ ಬೆಳಿಗ್ಗೆ ಮಾಡಿದ್ದು ಕುದಿಯುವ ಹಾಲಿನ ಕೆಲಸವನ್ನೇ. ಮೂತಿಯನ್ನು ತಿಕ್ಕುವ ಶಿಕ್ಷೆಯಿಂದ ಬೆಕ್ಕು ಕಲಿಯುವದೂ ಇಷ್ಟೇ: ಈ ಮನುಷ್ಯನು ಅಪಾಯಕಾರಿ, ಇನ್ನು ಮುಂದೆ ಇವನ ಕಣ್ಣಿಗೆ ಬೀಳದ ಮೂಲೆಯನ್ನು ಹುಡುಕಬೇಕು.

ಸೇಡಿನ ವಾದವನ್ನು ಪರೀಕ್ಷಿಸಲು ಒಂದು ಒಳ್ಳೆಯ ಸಾಕ್ಷ್ಯವಿದೆ. ಅಮೇರಿಕೆಯ ಓಹಾಯೋ ರಾಜ್ಯ ವಿಶ್ವವಿದ್ಯಾಲಯದಲ್ಲಿ ಟೋನಿ ಬಫಿಂಗ್ಟನ್ ಮತ್ತು ಅವರ ಸಂಗಡಿಗರು 32 ಬೆಕ್ಕುಗಳನ್ನು 77 ವಾರಗಳ ವರೆಗೆ ಗಮನಿಸಿ 2011ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಇವುಗಳಲ್ಲಿ 20 ಬೆಕ್ಕುಗಳಿಗೆ ಮೂತ್ರಕೋಶದ ದೀರ್ಘಕಾಲದ ಬೇನೆಯಿತ್ತು. 12 ಬೆಕ್ಕುಗಳು ಪೂರ್ಣ ಆರೋಗ್ಯವಾಗಿದ್ದವು. ನಿತ್ಯದ ಪಾಲಕರು ಬದಲಾದಾಗ, ಊಟದ ಹೊತ್ತು ತಪ್ಪಿದಾಗ, ಅಂದರೆ ದಿನಚರಿಯು ಕದಡಿದ ವಾರಗಳಲ್ಲಿ, ಬೆಕ್ಕುಗಳು ಊಟ ಕಡಿಮೆ ಮಾಡಿದವು. ಇಡೀ ದಿನ ಮಲಮೂತ್ರ ವಿಸರ್ಜಿಸದೆ ಉಳಿದವು. ಪೆಟ್ಟಿಗೆಯನ್ನು ಬಿಟ್ಟು ಹೊರಗೆ ಹೇಸಿಗೆ ಮಾಡಿದವು. ಬೇನೆಯ ಬೆಕ್ಕುಗಳಷ್ಟೇ ಅಲ್ಲ, ಆರೋಗ್ಯದ ಬೆಕ್ಕುಗಳೂ ಹೀಗೆಯೇ ಮಾಡಿದವು. ಯಾರ ಮೇಲೆ ಸೇಡು? ಹೊತ್ತು ತಪ್ಪಿದ ಊಟವೇ ಇಷ್ಟನ್ನು ಮಾಡಬಲ್ಲುದಾದರೆ, ಊರು, ಹಿತ್ತಲು, ಒಡನಾಡಿಗಳು, ಎಲ್ಲವೂ ಒಂದೇ ದಿನ ತಪ್ಪಿಹೋದ ಬೆಕ್ಕಿನ ಅವಸ್ಥೆಯನ್ನು ವಾಚಕರು ಊಹಿಸಿಕೊಳ್ಳಬಹುದು. ಪರೀಕ್ಷೆಯ ದಿನ ಬೆಳಿಗ್ಗೆ ತಮ್ಮ ಹೊಟ್ಟೆಯ ಸ್ಥಿತಿ ಏನಾಗುವದೆಂಬದನ್ನು ನಮ್ಮ ವಿದ್ಯಾರ್ಥಿಗಳೂ ಸ್ವಲ್ಪ ನೆನಪಿಸಿಕೊಳ್ಳಲಿ.

ಇನ್ನು ಗಾದಿಯ ವಿಚಾರ. ಮನೆಯಲ್ಲಿ ಇಷ್ಟೊಂದು ಸ್ಥಳವಿರಲು ಗಾದಿಯೇ ಏಕೆ? ಇಲ್ಲಿ ನಮ್ಮ ಶಾಸ್ತ್ರವು ನೆರವಿಗೆ ಬಂದಿತು. ಮನೆಬೆಕ್ಕಿನ ಮೂಲಪುರುಷನು ಆಫ್ರಿಕೆ ಮತ್ತು ಪಶ್ಚಿಮ ಏಶಿಯದ ಒಣನಾಡುಗಳ ಕಾಡುಬೆಕ್ಕು. ಅದರ ಸಂತತಿಗೆ ಬೇಕಾದದ್ದು ಉಗುರಿಗೆ ಸಡಿಲವಾಗಿ ಬಿಟ್ಟುಕೊಡುವ, ಹಸಿಯನ್ನು ಕೂಡಲೇ ಹೀರುವ, ಮುಚ್ಚಲಿಕ್ಕೆ ಬರುವ ನೆಲ. ಟೈಲ್ಸಿನ ಮೇಲೆ ಇವುಗಳಲ್ಲಿ ಒಂದೂ ಇಲ್ಲ: ಕೆರೆದರೆ ಉಗುರು ಜಾರುವದು, ಬಿದ್ದದ್ದು ಸಿಡಿದು ಕಾಲಿಗೇ ಹತ್ತುವದು. ಅರಳೆಯ ಎಳೆಗಳ ನಡುವಿನ ಸಂದುಗಳೋ ಸೂಕ್ಷ್ಮವಾದವು; ಕೇಶಾಕರ್ಷಣದಿಂದ ದ್ರವವು ಕ್ಷಣದಲ್ಲಿ ಒಳಗೆ ಸೇರಿಬಿಡುವದು. ಕೆರೆದರೆ ಬಟ್ಟೆಯು ಮಡಿಕೆ ಬಿದ್ದು ಮುಚ್ಚಿದಂತೆಯೂ ಆಗುವದು. ಬೆಕ್ಕು ನಮ್ಮ ಮನೆಯ ಪದಾರ್ಥಗಳನ್ನೆಲ್ಲ ಪರೀಕ್ಷಿಸಿ, ಮಣ್ಣಿನ ಗುಣಗಳಿರುವ ಒಂದೇ ಒಂದು ವಸ್ತುವನ್ನು ಆರಿಸಿಕೊಂಡಿತ್ತು. ನಮ್ಮ ಪ್ರಯೋಗಶಾಲೆಯಲ್ಲಿ ಇಷ್ಟು ಚೆನ್ನಾಗಿ ಪದಾರ್ಥವನ್ನು ಗುರುತಿಸುವ ವಿದ್ಯಾರ್ಥಿಗಳು ಪ್ರತಿ ವರ್ಷ ಸಿಕ್ಕುವದಿಲ್ಲ.

ಪೆಟ್ಟಿಗೆಯಲ್ಲಿ ತುಂಬುವ ವಸ್ತುವಿನ ಇತಿಹಾಸವೂ ಮಣ್ಣಿನದೇ. 1947ರ ವರೆಗೆ ಅಮೇರಿಕೆಯಲ್ಲಿಯೂ ಜನರು ಮರಳನ್ನೋ ಒಲೆಯ ಬೂದಿಯನ್ನೋ ಇಡುತ್ತಿದ್ದರು. ಆ ವರ್ಷ ಮಿಶಿಗನ್ ರಾಜ್ಯದ ಎಡ್ವರ್ಡ್ ಲೋ ಎಂಬ ವ್ಯಾಪಾರಿಯನ್ನು ನೆರೆಯ ಹೆಣ್ಣುಮಗಳೊಬ್ಬಳು ಬೆಕ್ಕಿಗಾಗಿ ಮರಳು ಕೇಳಿದಳು. ಆತನು ಕಾರ್ಖಾನೆಗಳ ನೆಲದ ಎಣ್ಣೆಯನ್ನು ಹೀರಲಿಕ್ಕೆ ಮಾರುತ್ತಿದ್ದ ಒಂದು ಜೇಡಿಯ ಹರಳನ್ನು ಕೊಟ್ಟನು. ಅದು ನಮ್ಮ ಹೆಣ್ಣುಮಕ್ಕಳು ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯ ಜಾತಿಯ ಮಣ್ಣು. ಇಷ್ಟರಿಂದಲೇ ಒಂದು ದೊಡ್ಡ ಉದ್ಯಮವು ಹುಟ್ಟಿತು. 1980ರ ದಶಕದಲ್ಲಿ ಬೆಂಟೊನೈಟ್ ಎಂಬ ಜೇಡಿಯು ಬಂದಿತು. ಇದು ಹಸಿ ತಗಲಿದ ಕೂಡಲೇ ಉಬ್ಬಿ ಗಂಟಾಗುವದು, ಗಂಟನ್ನಷ್ಟೇ ಎತ್ತಿ ಚೆಲ್ಲಬಹುದು. ಕಛ್ಛ ಮತ್ತು ರಾಜಸ್ಥಾನಗಳಲ್ಲಿ ಇದರ ಗಣಿಗಳಿವೆ. ಈ ಜೇಡಿಯಲ್ಲಿರುವ ಮುಖ್ಯ ಖನಿಜ ಮಾಂಟ್‌ಮೊರಿಲೊನೈಟ್. ಅದರ ಕಣಗಳು ಎಲೆಯ ಮೇಲೆ ಎಲೆಯಿಟ್ಟಂತೆ ಪದರುಪದರಾಗಿದ್ದು, ನೀರು ಪದರುಗಳ ನಡುವೆ ಸೇರಿ ಅವನ್ನು ಅಗಲಿಸುವದು. ಸವಣೂರ ಕಡೆಯ ಎರೆಹೊಲಗಳು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರುಕುಬಿಡುವದನ್ನು ಕಂಡವರು ಇದೇ ಜಾತಿಯ ಖನಿಜದ ಆಟವನ್ನು ಕಂಡಿದ್ದಾರೆ. ಹಾಗೆಂದು ಎರೆಮಣ್ಣನ್ನೇ ತಂದು ಪೆಟ್ಟಿಗೆಗೆ ತುಂಬಬಾರದು. ಒಣಗಿದಾಗ ಹೆಂಟೆಯಾಗಿ ಅಂಗಾಲಿಗೆ ಚುಚ್ಚುವದು, ಹಸಿಯಾದಾಗ ಅಂಟಿ ಮನೆಯೆಲ್ಲ ಹೆಜ್ಜೆ ಮೂಡಿಸುವದು.

ಮರಳಿನಲ್ಲಿ ಕಾಳುಗಳ ನಡುವಿನ ಸಂದು ದೊಡ್ಡದು, ಹಸಿಯು ಮೇಲೆ ನಿಲ್ಲದೆ ತಳಕ್ಕಿಳಿದು ಅಲ್ಲಿ ನಾರುವದು. ದಿನವೂ ಬದಲಿಸುವವರಿಗೆ ಮಾತ್ರ ಅದು ಸರಿ. ಬೂದಿಯು ಚೆನ್ನಾಗಿ ಹೀರಿದರೂ ಅದರಲ್ಲಿ ಕ್ಷಾರವಿದೆ, ಹಸಿಯಾದರೆ ಅಂಗಾಲನ್ನು ಉರಿಸುವದು. ಪರಿಮಳ ಬೆರೆಸಿದ ಹರಳುಗಳಂತೂ ಮನುಷ್ಯರ ಮೂಗಿಗಾಗಿ ಮಾಡಿದವು. ಬೆಕ್ಕಿನ ಮೂಗು ನಮ್ಮದಕ್ಕಿಂತ ಬಹುಪಾಲು ಚುರುಕು. ನಮಗೆ ಹಿತವೆನಿಸುವ ವಾಸನೆ ಅದಕ್ಕೆ ಹೊಡೆತದಂತೆ ತಗಲುವದು. ನಾವು ಮಾಡಿದ್ದು ಸುಲಭದ ಕೆಲಸ: ದುಂಡಸಿಗೆ ಹೋಗಿ, ಅದೇ ಹಿತ್ತಲಿನ ಮಸಾರಿ ಮಣ್ಣನ್ನು ಒಂದು ಚೀಲ ತಂದು, ಜರಡಿ ಹಿಡಿದು, ಹಂಚಿನ ಮೇಲೆ ಬಿಸಿಮಾಡಿ ಒಣಗಿಸಿದೆವು. ಬಸ್ಸಿನ ಕಂಡಕ್ಟರರು ಚೀಲದಲ್ಲೇನಿದೆಯೆಂದು ಕೇಳಿದಾಗ ನಿಜವನ್ನೇ ಹೇಳಿದೆವು, ಅವರು ನಂಬಲಿಲ್ಲ.

ಮಣ್ಣು ಸಿಕ್ಕಿತು, ಆದರೆ ಭಯ ಹೋಗಬೇಕಲ್ಲ. ನಾವು ಮಾಡಿದ ಮೊದಲನೆಯ ತಪ್ಪು ಇಡೀ ಮನೆಯನ್ನು ಒಂದೇ ದಿನ ಅದಕ್ಕೆ ಒಪ್ಪಿಸಿದ್ದು. ಹೊಸ ಬೆಕ್ಕಿಗೆ ಮೊದಲು ಒಂದೇ ಸಣ್ಣ ಕೋಣೆ ಸಾಕು. ಅದರಲ್ಲಿ ಒಂದು ಮೂಲೆಗೆ ಅನ್ನ ನೀರು, ಅದರಿಂದ ದೂರದ ಮೂಲೆಗೆ ಪೆಟ್ಟಿಗೆ, ನಡುವೆ ಅಡಗಿಕೊಳ್ಳಲಿಕ್ಕೆ ಒಂದು ಮರೆ. ಉಂಡಲ್ಲಿಯೇ ವಿಸರ್ಜಿಸುವದು ನಮಗೆಷ್ಟು ಹೇಸಿಗೆಯೋ ಅದಕ್ಕೂ ಅಷ್ಟೇ. ಅಡಗುವ ಮರೆಯನ್ನು ಕೆಲವರು ಕ್ಷುಲ್ಲಕವೆಂದೆಣಿಸುವರು. ಹಾಲೆಂಡಿನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಆಶ್ರಯಧಾಮಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳಲ್ಲಿ 10ಕ್ಕೆ ಅಡಗುವ ಪೆಟ್ಟಿಗೆಯನ್ನು ಕೊಟ್ಟು, 9ಕ್ಕೆ ಕೊಡದೆ ನೋಡಿದರು. 2014ರಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ ಮರೆಯಿದ್ದ ಬೆಕ್ಕುಗಳು ಮೂರು ನಾಲ್ಕು ದಿನಗಳಲ್ಲಿಯೇ ಉಳಿದವುಗಳಿಗಿಂತ ಎಷ್ಟೋ ಹೆಚ್ಚು ಶಾಂತವಾದವು. ಖರ್ಚು ಒಂದು ರಟ್ಟಿನ ಡಬ್ಬಿಯದು. ನಾವು ಆ ಬಸ್ಸಿನ ಪೆಟ್ಟಿಗೆಯನ್ನೇ ಅಡ್ಡಹಾಕಿ ಇಟ್ಟೆವು. ತಂದಾಗ ಸೆರೆಮನೆಯಾಗಿದ್ದುದು ಈಗ ಅದಕ್ಕೆ ಮನೆಯಾಯಿತು. ಅದರ ಮೈವಾಸನೆಯು ಅದಕ್ಕೆ ಹತ್ತಿತ್ತಲ್ಲ!

ಸದ್ದಿನ ವಿಷಯದಲ್ಲಿಯೂ ಎಚ್ಚರ ಬೇಕು. ಮನುಷ್ಯನ ಕಿವಿಗೆ ಸೆಕೆಂಡಿಗೆ 20,000 ಕಂಪನಗಳ ಆಚೆಗೆ ಏನೂ ಕೇಳಿಸದು. ಬೆಕ್ಕು ಸುಮಾರು 85,000ದ ವರೆಗೆ ಕೇಳಬಲ್ಲದು. ನಮಗೆ ಮೌನವಾಗಿ ತೋರುವ ಕೋಣೆಯಲ್ಲಿ ಯಾವುದೋ ವಿದ್ಯುದುಪಕರಣವು ಅದರ ಕಿವಿಗೆ ಸಿಳ್ಳು ಹಾಕುತ್ತಿರಬಹುದು. ಮಿಕ್ಸರ್, ಕುಕ್ಕರ್, ಇನ್ವರ್ಟರ್ ಇವುಗಳ ನೆರೆಯಲ್ಲಿ ಪೆಟ್ಟಿಗೆ ಬೇಡ. ಪೆಟ್ಟಿಗೆಯೂ ಅಂಗಡಿಯದೇ ಆಗಬೇಕೆಂದಿಲ್ಲ. ಗೌಂಡಿಗಳು ಗಚ್ಚು ಹೊರುವ ಅಗಲವಾದ ಪ್ಲಾಸ್ಟಿಕ್ ಬುಟ್ಟಿ ಅದಕ್ಕಿಂತ ಮೇಲು. ಬೆಕ್ಕು ಅದರಲ್ಲಿ ಸುತ್ತಲೂ ತಿರುಗಬಹುದು, ನಾಲ್ಕೂ ಕಡೆಗೆ ಕಣ್ಣಿಟ್ಟು ಕೂಡಬಹುದು. ಒಂದು ಬೆಕ್ಕಿದ್ದರೆ ಎರಡು ಬುಟ್ಟಿಗಳಿರಲಿ. ಎರಡು ಅಂಗುಲದಷ್ಟು ಮಣ್ಣು ಸಾಕು. ಮಲವನ್ನು ದಿನಕ್ಕೆರಡು ಸಾರೆ ಎತ್ತಬೇಕು. ಬೂಂದಿ ಕರಿಯುವ ಹಳೆಯ ಝಾರಾ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ, ಅದು ಮತ್ತೆ ಅಡುಗೆಮನೆಗೆ ಹೋಗದಂತೆ ನೋಡಿಕೊಂಡರಾಯಿತು. ದಿನದಿನವೂ ಎತ್ತುವದರಿಂದ ಇನ್ನೊಂದು ಲಾಭವುಂಟು. ಕೆಲವು ಬೆಕ್ಕುಗಳ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯ ತತ್ತಿಗಳಿರುವವು. ಹೊರಬಿದ್ದ ಮೇಲೆ ಅವು ಸೋಂಕು ತಗಲಿಸುವಷ್ಟು ಬಲಿಯಲಿಕ್ಕೆ ಒಂದು ದಿನವಾದರೂ ಬೇಕು. ಬಸುರಿ ಹೆಣ್ಣುಮಕ್ಕಳು ಈ ಕೆಲಸವನ್ನು ಮಾಡಲೇಬಾರದು. ಉಳಿದವರು ಕೈ ತೊಳೆದುಕೊಳ್ಳಬೇಕು.

ಕೆಟ್ಟ ಸ್ಥಳವನ್ನು ತೊಳೆಯುವಲ್ಲಿ ನಮ್ಮ ಮನೆಗಳಲ್ಲಿ ಒಂದು ದೊಡ್ಡ ಪ್ರಮಾದ ನಡೆಯುತ್ತದೆ. ಕೈಗೆ ಮೊದಲು ಸಿಕ್ಕುವದು ಫಿನಾಯಿಲ್. ಫಿನಾಲ್ ಜಾತಿಯ ಪದಾರ್ಥಗಳನ್ನು ಒಡೆದು ಹೊರಹಾಕುವ ಶಕ್ತಿಯು ಬೆಕ್ಕಿನ ಪಿತ್ತಕೋಶದಲ್ಲಿ ಅಲ್ಲ, ಯಕೃತ್ತಿನಲ್ಲಿ ಇರಬೇಕು. ಆದರೆ ಆ ಕೆಲಸ ಮಾಡುವ ಕಿಣ್ವವೊಂದು ಬೆಕ್ಕಿನ ಜಾತಿಯಲ್ಲಿ ಕೆಟ್ಟುಹೋಗಿದೆ. ಫಿನಾಯಿಲ್ ಒರೆಸಿದ ನೆಲದ ಮೇಲೆ ನಡೆದು, ಆ ಅಂಗಾಲನ್ನೇ ನೆಕ್ಕಿಕೊಳ್ಳುವ ಬೆಕ್ಕಿಗೆ ಅದು ವಿಷ. ಇದೇ ಕಾರಣದಿಂದ ಜ್ವರದ ಪ್ಯಾರಾಸಿಟಮಾಲ್ ಗುಳಿಗೆಯೂ ಅದಕ್ಕೆ ಪ್ರಾಣಾಂತಿಕ. ಅಮೋನಿಯ ಬೆರೆತ ದ್ರಾವಣಗಳು ಬೇರೊಂದು ರೀತಿಯಿಂದ ಕೆಲಸ ಕೆಡಿಸುವವು: ಮೂತ್ರವು ಹಳತಾದಾಗ ಅದರ ಯೂರಿಯವು ಅಮೋನಿಯವಾಗುವದರಿಂದ, ಅವುಗಳ ವಾಸನೆಯು ಬೆಕ್ಕಿಗೆ 'ಇದೇ ನಿನ್ನ ಸ್ಥಳ' ಎಂದು ಹೇಳಿದಂತೆಯೇ ಸರಿ. ಕಿಣ್ವ ಬೆರೆತ ಬಟ್ಟೆಯ ಸೋಪಿನ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ, ಸ್ವಲ್ಪ ಹೊತ್ತು ಬಿಟ್ಟು, ತಿಳಿನೀರಿನಿಂದ ಎರಡು ಸಾರೆ ತೊಳೆದು ಒಣಗಿಸುವದು ಮೇಲು. ನಮ್ಮ ಗಾದಿಗೆ ಇದಾವುದೂ ನಾಟಲಿಲ್ಲ. ಬಿಸಿಲಿದ್ದಾಗ ವಾಸನೆಯಿಲ್ಲ, ಮೋಡ ಕವಿದು ಗಾಳಿ ತೇವವಾದೊಡನೆ ಮತ್ತೆ ಪ್ರತ್ಯಕ್ಷ. ಕಡೆಗೆ ಅರಳೆಯನ್ನೆಲ್ಲ ತೆಗೆಸಿ ಹೊಸದಾಗಿ ತುಂಬಿಸಬೇಕಾಯಿತು.

ಸಣ್ಣ ಕೋಣೆಯ ವಾಸ ಆರಂಭವಾದ ಎರಡನೆಯ ರಾತ್ರಿಯೇ ಬೆಕ್ಕು ಬುಟ್ಟಿಯ ಮಣ್ಣನ್ನು ಕೆರೆದು ಕೂತಿತು. ಐದನೆಯ ದಿನ ಮನೆಗೆ ನೆಂಟರು ಬಂದು ಗದ್ದಲವಾದಾಗ ಮತ್ತೆ ಒಂದು ಸಾರೆ ಮೂಲೆಯನ್ನು ಕೆಡಿಸಿತು. ಯಾರೂ ಏನೂ ಅನ್ನಲಿಲ್ಲ, ತೊಳೆದು ಸುಮ್ಮನಾದೆವು. ಒಂದು ಮೆತ್ತನೆಯ ಬಟ್ಟೆಯಿಂದ ಅದರ ಕೆನ್ನೆಯನ್ನು ಸವರಿ, ಅದೇ ಬಟ್ಟೆಯಿಂದ ಬಾಗಿಲ ಚೌಕಟ್ಟನ್ನೂ ಮಂಚದ ಕಾಲನ್ನೂ ಒರೆಸಿದೆವು. ತನ್ನ ಕೆನ್ನೆಯ ವಾಸನೆಯಿರುವ ಸ್ಥಳವನ್ನು ಬೆಕ್ಕು ತನ್ನದೆಂದು ಬಗೆಯುವದು. ಮೂರು ವಾರಗಳ ಮೇಲೆ ಕೋಣೆಯ ಬಾಗಿಲನ್ನು ತೆರೆದಿಟ್ಟೆವು. ಒಂದು ಬೆಕ್ಕಿನ ಮೇಲೆ ನಡೆಸಿದ ಪ್ರಯೋಗದಿಂದ ಸಿದ್ಧಾಂತ ಹೊರಡುವದಿಲ್ಲವೆಂಬದನ್ನು ನಾವು ತರಗತಿಯಲ್ಲಿ ದಿನವೂ ಹೇಳುತ್ತೇವೆ, ಇಲ್ಲಿಯೂ ಹೇಳುತ್ತೇವೆ. ಮಣ್ಣಿನಿಂದ ಗುಣವಾಯಿತೋ, ಮೌನದಿಂದಲೋ, ಬರಿಯ ಕಾಲದಿಂದಲೋ, ಬಿಡಿಸಿ ತೋರಿಸಲಾರೆವು.

ಆದರೆ ಒಂದು ಮಾತಿನಲ್ಲಿ ನಮಗೆ ಸಂಶಯವಿಲ್ಲ. ಬೆಕ್ಕು ಪೆಟ್ಟಿಗೆಯನ್ನು ಬಿಟ್ಟಾಗ ಮೊದಲು ಕೇಳಬೇಕಾದದ್ದು ಅದಕ್ಕೆ ಬೇನೆಯುಂಟೇ ಎಂಬ ಪ್ರಶ್ನೆ. ಹನಿಹನಿಯಾಗಿ ಬರುತ್ತಿದ್ದರೆ, ಕೆಂಪು ಕಂಡರೆ, ಗಂಡುಬೆಕ್ಕು ಕೂತು ಕೂತು ನರಳುತ್ತಿದ್ದರೆ, ಮಣ್ಣು ಬದಲಿಸುತ್ತ ಕೂಡದೆ ಅದೇ ತಾಸಿನಲ್ಲಿ ಪಶುವೈದ್ಯರಲ್ಲಿಗೆ ಒಯ್ಯಬೇಕು. ಚೀಲದ ಉಪಾಯವನ್ನು ಹೇಳುವ ಹಿರಿಯರಿಗೆ ಇದನ್ನು ತಿಳಿಸುವ ಕೆಲಸವು ಓದುವ ಮಕ್ಕಳದೇ. ಹಸಿವು ನೀರಡಿಕೆಯಿಂದ ಬಳಲುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವದು 1960ರ ಪ್ರಾಣಿಹಿಂಸೆ ತಡೆಯುವ ಕಾನೂನಿನ 11ನೆಯ ಕಲಮಿನ ಪ್ರಕಾರ ಅಪರಾಧವೆಂಬದನ್ನೂ ಹೇಳಬಹುದು. ಆದರೆ ಕಾನೂನಿನ ಮಾತಿಗೆ ಅಜ್ಜಿಯರು ಸೋಲುವದು ಕಡಿಮೆ. ಹದಿನೈದು ವರ್ಷಗಳ ಹಿಂದೆ ಸೈಕಲ್ಲು ಹತ್ತುವದಕ್ಕೆ ಮೊದಲು ನಾವು ಒಂದು ಮಾತನ್ನಾದರೂ ಆಡಬಹುದಾಗಿತ್ತು.

ಕೆಳಗಿನ ಮನೆಯ ಅಜ್ಜಿಯವರು ಈಗ ಸಂಜೆ ಹೊತ್ತು ಬೆಕ್ಕಿಗೆ ಹಾಲನ್ನ ಕಲಸಿ ತರುತ್ತಾರೆ. ಬೆಕ್ಕಿಗೆ ಹಾಲು ಅಷ್ಟು ಒಗ್ಗದೆಂದು ಹೇಳುವ ಧೈರ್ಯ ನಮಗಿನ್ನೂ ಬಂದಿಲ್ಲ. ಮಳೆಗಾಲದಲ್ಲಿ ಒಣಮಣ್ಣು ಸಿಕ್ಕುವದು ಕಷ್ಟವಾದುದರಿಂದ ಈ ವರ್ಷ ರೋಹಿಣಿ ಮಳೆಗೆ ಮುಂಚೆಯೇ ದುಂಡಸಿಯಿಂದ ಎರಡು ಚೀಲ ತಂದು, ಒಣಗಿಸಿ, ಜಿನ್ನೆಯ ಕೆಳಗೆ ಇಟ್ಟಿದ್ದೇವೆ.